ದೀವಟಿಗೆ ಎಣಿಸಿ ದರ್ಜೆ ತಿಳಿದ ಕಾಲ

ಹೊಸಪೇಟೆಯಿಂದ ಕಮಲಾಪುರದ ಕಡೆ ಹೊರಟರೆ ಅನಂತಶಯನಗುಡಿ ದಾಟಿದ ಮೇಲೆ ಮಲಪನಗುಡಿ ಸಿಗುತ್ತದೆ. ಹಂಪಿ ನೋಡಲು ಬರುವವರಲ್ಲಿ ಹೆಚ್ಚಿನವರು ಇಲ್ಲಿ ಇಳಿಯುವುದಿಲ್ಲ. ಮಲ್ಲಿಕಾರ್ಜುನನ ಗುಡಿ, ಕಮಾನುಗಳಿರುವ ಸೂಳೆಬಾವಿ, ಕಬ್ಬು ಬಾಳೆಯ ಗದ್ದೆಗಳ ನಡುವೆ ಅಲ್ಲೊಂದು ಇಲ್ಲೊಂದು ಹಳೆಯ ಕಲ್ಲುಕಟ್ಟಡ. ಇಷ್ಟನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಂದೆ ಹೋಗುತ್ತಾರೆ. ಐನೂರು ವರ್ಷದ ಹಿಂದೆ ಈ ದಾರಿಯನ್ನು ಹೀಗೆ ಸರಕ್ಕನೆ ದಾಟಿ ಹೋಗಲು ಆಗುತ್ತಿರಲಿಲ್ಲ.

1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಈ ದಾರಿಯ ಬಗ್ಗೆ ಬರೆದಿದ್ದಾನೆ. ಕೃಷ್ಣದೇವರಾಯ ಕಟ್ಟಿಸಿದ ಹೊಸ ಪಟ್ಟಣ, ಅಂದರೆ ಇಂದಿನ ಹೊಸಪೇಟೆಯ ನೆಲದಲ್ಲಿದ್ದ ನಾಗಲಾಪುರ, ಅಲ್ಲಿಂದ ರಾಜಧಾನಿಯವರೆಗೆ ಕುದುರೆ ಪಂದ್ಯ ಆಡಿಸಬಹುದಾದಷ್ಟು ಅಗಲದ ಬೀದಿ. ಎರಡೂ ಬದಿಗೆ ಸಾಲು ಮನೆಗಳು, ಎಲ್ಲ ಸಾಮಾನೂ ಸಿಗುವ ಅಂಗಡಿಗಳು. ದಾರಿಹೋಕರಿಗೆ ನೆರಳಾಗಲೆಂದು ಅರಸ ನೆಡಿಸಿದ ಮರಗಳು. ಇದೇ ದಾರಿಯಲ್ಲಿ ಅರಸ ಕಟ್ಟಿಸಿದ ಚೆಂದದ ಕಲ್ಲುಗುಡಿಯೊಂದಿತ್ತು. ಅದಲ್ಲದೆ ದಂಡಿನ ನಾಯಕರೂ ದೊಡ್ಡ ಮನುಷ್ಯರೂ ಕಟ್ಟಿಸಿದ ಗುಡಿಗಳೂ ಇದ್ದವು. ಮಲಪನಗುಡಿ ಇರುವುದು ಈ ಬೀದಿಯ ನಡುವೆ. ತೆಂಕಣದಿಂದ, ಪಡುವಣದ ಬಂದರುಗಳಿಂದ ರಾಜಧಾನಿಗೆ ಬರುವ ನಾಯಕನಿರಲಿ, ಕುದುರೆ ವ್ಯಾಪಾರಿಯಿರಲಿ, ಕೋಟೆಬಾಗಿಲು ಮುಟ್ಟುವ ಮೊದಲು ಈ ಅಂಗಡಿಸಾಲಿನ ಕಣ್ಣಿಗೆ ಬೀಳಲೇಬೇಕು.

ಆ ಅಂಗಡಿಯವನಿಗೆ ಬಂದವನು ಎಷ್ಟು ದೊಡ್ಡವನೆಂದು ಗೊತ್ತಾಗುತ್ತಿದ್ದುದು ಹೇಗೆ? ಹೆಗಲ ಮೇಲೆ ನಕ್ಷತ್ರ ಇರಲಿಲ್ಲ, ಎದೆಯ ಮೇಲೆ ಪಟ್ಟಿ ಇರಲಿಲ್ಲ. ಹಗಲಾದರೆ ಪಲ್ಲಕ್ಕಿಯ ಹಿಂದೆ ಮುಂದೆ ನಡೆಯುವ ಕುದುರೆಗಳನ್ನು ನೋಡಬೇಕು. ರಾತ್ರಿಯಾದರೆ ಲೆಕ್ಕ ಇನ್ನೂ ಸುಲಭ: ದೀವಟಿಗೆ ಎಣಿಸಬೇಕು.

ಇದನ್ನು ತಿಳಿಸಿದವನು ಫೆರ್ನಾವ್ ನೂನಿಜ್, ಅಚ್ಯುತರಾಯನ ಕಾಲದಲ್ಲಿ, 1535ರ ಆಸುಪಾಸು, ವಿಜಯನಗರದಲ್ಲಿದ್ದ ಕುದುರೆ ವ್ಯಾಪಾರಿ. ವ್ಯಾಪಾರಿಯ ಕಣ್ಣು ಎಂಥದೆಂದು ಅವನ ಬರಹದಲ್ಲಿ ಕಾಣುತ್ತದೆ; ಪಾಯೆಸ್ ಬೆರಗಾಗಿ ನಿಲ್ಲುವಲ್ಲಿ ನೂನಿಜ್ ಎಣಿಸುತ್ತಾನೆ. ನಾಯಕರೂ ಮುಖ್ಯರೂ ರಾತ್ರಿ ಎಣ್ಣೆಯ ದೀವಟಿಗೆ ಹಿಡಿಸಿಕೊಂಡು ಹೋಗುತ್ತಾರೆ. ಅವರವರ ಅಂತಸ್ತಿಗೆ ತಕ್ಕಂತೆ ನಾಲ್ಕರಿಂದ ಹನ್ನೆರಡು. ಎಷ್ಟು ದೊಡ್ಡವನಾದರೂ ಹನ್ನೆರಡು ಮೀರುವಂತಿಲ್ಲ. ಅರಸನಿಗೆ ಮಾತ್ರ ನೂರು, ನೂರೈವತ್ತು. ಪಲ್ಲಕ್ಕಿಯಲ್ಲಿ ಹೋಗುವ ನಾಯಕನ ಜೊತೆ ಹದಿನೈದಿಪ್ಪತ್ತು ಕುದುರೆ ಸವಾರರು, ಅರಸ ಹೊರಟರೆ ಕಾವಲಿನ ಇನ್ನೂರು ಸವಾರರು, ನೂರು ಆನೆ. ಇದಾದ ಮೇಲೆ, ಈ ನಾಡಿನಲ್ಲಿ ಮೇಣ ಬೇಕಾದಷ್ಟಿದೆ, ಅದನ್ನು ಬಳಸುವುದು ಮಾತ್ರ ಇವರಿಗೆ ಗೊತ್ತಿಲ್ಲ ಎಂದು ಸೇರಿಸುತ್ತಾನೆ. ಮೇಣದಬತ್ತಿಯ ಊರಿನಿಂದ ಬಂದವನಿಗೆ ಎಣ್ಣೆಯ ಹೊಗೆ ಕಣ್ಣು ಉರಿಸಿರಬೇಕು.

ಹತ್ತು ದೀವಟಿಗೆಯವನು ಎದುರಾದರೆ ನಾಲ್ಕು ದೀವಟಿಗೆಯವನು ದಾರಿ ಬಿಡುತ್ತಿದ್ದಿರಬೇಕು. ಕಾವಲಿನವನು ಮುಖ ನೋಡುವ ಮೊದಲೇ, ಅರ್ಧ ಹರದಾರಿ ದೂರದಿಂದಲೇ, ಕತ್ತಲಲ್ಲಿ ಬೆಳಕಿನ ಚುಕ್ಕೆ ಎಣಿಸಿ ಸೆಟೆದು ನಿಲ್ಲಬೇಕೋ ಬೇಡವೋ ನಿರ್ಧರಿಸಬಹುದಿತ್ತು. ಇಂದಿನ ಸೈನ್ಯದಲ್ಲಿ ಹೆಗಲ ಚಿಹ್ನೆ ಕಾಣಬೇಕಾದರೆ ಎದುರಿಗೆ ಬಂದು ನಿಲ್ಲಬೇಕು. ವಿಜಯನಗರದಲ್ಲಿ ದರ್ಜೆ ಮನುಷ್ಯನ ಮೈಮೇಲೆ ಇರುತ್ತಿರಲಿಲ್ಲ, ಅವನ ಸುತ್ತ ಇರುತ್ತಿತ್ತು. ಅದನ್ನು ಹೊತ್ತವರು ಬೇರೆಯವರು. ಕೊಡೆ ಹಿಡಿಯುವವ, ಚಾಮರ ಬೀಸುವವ, ಕಹಳೆ ಊದುವವ, ಬಿರುದು ಹೊಗಳುವವ ಇವರೆಲ್ಲ ಚದುರಿಹೋದರೆ ಪಲ್ಲಕ್ಕಿಯಲ್ಲಿ ಕೂತವನು ಯಾರೆಂದು ಹೇಳುವುದು ಕಷ್ಟ. ಅದು ಹಾಗೆ ಇರಲೆಂದೇ ಅರಮನೆಯವರು ಬಯಸಿದ್ದರು ಎಂದು ನನ್ನ ಎಣಿಕೆ. ಅರಸ ಕೊಟ್ಟದ್ದನ್ನು ಅರಸ ಹಿಂದಕ್ಕೆ ಪಡೆಯಬಹುದು, ಪಡೆದರೆ ಊರಿಗೆಲ್ಲ ಒಂದೇ ರಾತ್ರಿಯಲ್ಲಿ ತಿಳಿಯುತ್ತದೆ.

ಹಾಗಾದರೆ ದೀವಟಿಗೆ ಹೆಚ್ಚುಕಡಿಮೆ ಆಗುತ್ತಿದ್ದುದು ಯಾವುದರ ಮೇಲೆ? ಇಲ್ಲಿ ನೂನಿಜ್‌ನ ಪಟ್ಟಿ ನೆರವಿಗೆ ಬರುತ್ತದೆ. ರಾಜ್ಯದ ನೆಲವೆಲ್ಲ ಅರಸನದು. ಅದನ್ನು ಅವನು ನಾಯಕರಿಗೆ ಅಮರಮಾಗಣಿಯಾಗಿ ಹಂಚುತ್ತಾನೆ. ನಾಯಕ ಅದರ ಆದಾಯದಲ್ಲಿ ಒಂದು ಪಾಲು ಅರಮನೆಗೆ ಕಟ್ಟಿ, ಉಳಿದದ್ದರಲ್ಲಿ ಗೊತ್ತುಪಡಿಸಿದಷ್ಟು ಕಾಲಾಳು, ಕುದುರೆ, ಆನೆ ಸಾಕಬೇಕು. ಶಾಸನಗಳಲ್ಲಿ ‘ನಾಯಕತನಕ್ಕೆ’ ಕೊಟ್ಟ ಸೀಮೆ ಎಂದು ಬರುವುದು ಇದೇ. ನೂನಿಜ್‌ನ ಪಟ್ಟಿಯ ತುದಿಯಲ್ಲಿ ಸಾಳುವ ನಾಯಕನಿದ್ದಾನೆ: ಚೋಳಮಂಡಲ, ನಾಗಪಟ್ಟಣ, ತಂಜಾವೂರಿನ ಕಡೆಯ ನೆಲದ ಒಡೆಯ. ಆದಾಯ 11 ಲಕ್ಷ ಪೊನ್ನು, ಅರಸನಿಗೆ ಕಟ್ಟುವುದು ಮೂರನೆಯ ಒಂದು ಪಾಲು, ಸಾಕಬೇಕಾದದ್ದು 30,000 ಕಾಲಾಳು, 3,000 ಕುದುರೆ, 30 ಆನೆ. ಅವನ ನಂತರದವನಿಗೆ 8 ಲಕ್ಷ ಆದಾಯ. 25,000 ಕಾಲಾಳು, 1,500 ಕುದುರೆ, 40 ಆನೆ. ಹೀಗೆ ಇಳಿಯುತ್ತ ಹೋಗುವ ಪಟ್ಟಿ. ಒಟ್ಟು ನಾಯಕರು ಇನ್ನೂರಕ್ಕೂ ಹೆಚ್ಚು ಎನ್ನುತ್ತಾನೆ. ಹೇಳಿದಷ್ಟು ಆಳು ಇಟ್ಟುಕೊಳ್ಳದೆ ಆದಾಯ ಮಾತ್ರ ನುಂಗಿದವನಿಗೆ ಶಿಕ್ಷೆ, ಆಸ್ತಿ ಅರಮನೆಗೆ.

ಇಂದಿನವರ ಲೆಕ್ಕದಲ್ಲಿ ಮೇಜರ್ ಆದವನಿಗೆ ಇಷ್ಟು ಜನ, ಕರ್ನಲ್ ಆದವನಿಗೆ ಇಷ್ಟು ಜನ. ಅಲ್ಲಿ ಮೊದಲು ದರ್ಜೆ, ಆಮೇಲೆ ಆಳು. ವಿಜಯನಗರದಲ್ಲಿ ಮೊದಲು ನೆಲ, ನೆಲಕ್ಕೆ ತಕ್ಕಂತೆ ಆಳು, ಆಳಿಗೆ ತಕ್ಕಂತೆ ದೀವಟಿಗೆ. ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಏಣಿ ಅಲ್ಲಿರಲಿಲ್ಲ. ಮಹಾಪ್ರಧಾನ, ದಂಡನಾಯಕ, ದಳವಾಯಿ, ನಾಯಕ, ಮನ್ನೆಯ ಎಂಬ ಹೆಸರುಗಳಿವೆ ನಿಜ. ಆದರೆ ಒಬ್ಬನೇ ಪ್ರಧಾನನೂ ದಂಡನಾಯಕನೂ ಆಗಿರುತ್ತಿದ್ದ, ಬೆಳಗ್ಗೆ ಲೆಕ್ಕಪತ್ರ ನೋಡಿ ಸಂಜೆಗೆ ದಂಡು ಹೊರಡಿಸುತ್ತಿದ್ದ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಗಾಣಿಗಿತ್ತಿ ಬಸದಿ ಇದೆಯಲ್ಲ, ಅದನ್ನು 1385ರಲ್ಲಿ ಕಟ್ಟಿಸಿದವನು ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪ. ಅವನು ‘ನಾನಾರ್ಥರತ್ನಮಾಲಾ’ ಎಂಬ ಸಂಸ್ಕೃತ ನಿಘಂಟನ್ನೂ ಬರೆದವನು. ಈಗಿನ ಯಾವ ಸೇನಾ ಕೈಪಿಡಿಯಲ್ಲೂ ಇಂಥ ಹುದ್ದೆಗೆ ಜಾಗ ಸಿಗಲಿಕ್ಕಿಲ್ಲ.

ಕುದುರೆಯ ವಿಷಯದಲ್ಲಿ ನೂನಿಜ್ ಹೇಳುವ ಒಂದು ವ್ಯವಹಾರ ಬಿಟ್ಟುಬಿಡಲು ಮನಸ್ಸಾಗುವುದಿಲ್ಲ. ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನಂತೆ. ಒಳ್ಳೆಯವು ತನ್ನ ಲಾಯಕ್ಕೆ. ನಾಡತಳಿಯವು ನಾಯಕರಿಗೆ, ಸಾವಿರ ಪೊನ್ನಿಗೆ ಐದರಂತೆ. ಆ ಹಣ ಸೆಪ್ಟೆಂಬರಿನೊಳಗೆ ಅರಮನೆಗೆ ಬರಬೇಕು. ಆ ಹಣದಿಂದಲೇ ಪೋರ್ಚುಗೀಸರಿಗೆ ಅರಬ್ಬಿ ಕುದುರೆಗಳ ಬೆಲೆ ಸಲ್ಲುತ್ತದೆ. ಬೊಕ್ಕಸದಿಂದ ಒಂದು ಕಾಸೂ ಹೊರಗೆ ಹೋಗುವುದಿಲ್ಲ. ದರ್ಜೆ ಉಳಿಸಿಕೊಳ್ಳಲು ಕುದುರೆ ಬೇಕು, ಆ ಕುದುರೆಯ ಬೆಲೆ ಗೊತ್ತುಮಾಡುವವನು ಅರಸನೇ. ವ್ಯಾಪಾರಿಯಾದ ನೂನಿಜ್ ಇದನ್ನು ಮೆಚ್ಚಿಕೊಂಡೇ ಬರೆದಂತಿದೆ.

ನೂನಿಜ್‌ಗಿಂತ ತೊಂಬತ್ತು ವರ್ಷ ಮೊದಲು, 1443ರಲ್ಲಿ, ಹೆರಾತಿನ ಷಾರುಖನ ರಾಯಭಾರಿಯಾಗಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದಿದ್ದ. ಆಗ ಸಿಂಹಾಸನದಲ್ಲಿ ಇಮ್ಮಡಿ ದೇವರಾಯ. ರಜಾಕ್ ಬರೆದಿಟ್ಟ ಒಂದು ನೋಟ ದಂಡನಾಯಕನ ಅಂತಸ್ತನ್ನು ಬೇರೆ ಯಾವ ದಾಖಲೆಗಿಂತ ಚೆನ್ನಾಗಿ ತೋರಿಸುತ್ತದೆ. ಅರಮನೆಯ ಬಳಿ ದಂಡನಾಯಕನ ಕಚೇರಿ, ನಲವತ್ತು ಕಂಬಗಳ ಚಾವಡಿ. ಎದುರಿಗೆ ಕೋಲು ಹಿಡಿದ ಚೋಪದಾರರು ಸಾಲಾಗಿ ನಿಂತಿರುತ್ತಾರೆ. ಅಹವಾಲು ತಂದವರು ನೆಲಕ್ಕೆ ಹಣೆ ಹಚ್ಚಿ ಎದ್ದು ನಿಂತು ಹೇಳಿಕೊಳ್ಳುತ್ತಾರೆ. ತೀರ್ಪು ಅಲ್ಲೇ ಆಗುತ್ತದೆ. ಕಚೇರಿ ಮುಗಿದು ದಂಡನಾಯಕ ಎದ್ದರೆ ಬಣ್ಣಬಣ್ಣದ ಕೊಡೆಗಳು ಅವನ ಮುಂದೆ ಹೊರಡುತ್ತವೆ, ಕಹಳೆ ಮೊಳಗುತ್ತದೆ, ಇಕ್ಕೆಲದಲ್ಲಿ ಹೊಗಳುಭಟರು. ಅರಸನ ಬಳಿಗೆ ಹೋಗಲು ಏಳು ಬಾಗಿಲು ದಾಟಬೇಕು, ಪ್ರತಿ ಬಾಗಿಲಲ್ಲೂ ಕಾವಲಿನವರು. ಒಂದೊಂದು ಬಾಗಿಲಿಗೆ ಒಂದೊಂದು ಕೊಡೆ ಹಿಂದೆ ಉಳಿಯುತ್ತದೆ. ಏಳನೆಯ ಬಾಗಿಲಿನಲ್ಲಿ ದಂಡನಾಯಕ ಒಬ್ಬನೇ. ಕೊಡೆಯಿಲ್ಲ, ಕಹಳೆಯಿಲ್ಲ, ಹೊಗಳುವವರಿಲ್ಲ. ಹಾಗೆ ಒಳಗೆ ಹೋಗಿ ರಾಜ್ಯದ ವರದಿ ಒಪ್ಪಿಸಿ ಹಿಂದಿರುಗುತ್ತಾನೆ.

ಬಾಗಿಲು ಬಾಗಿಲಿಗೆ ಕಳಚಿಕೊಳ್ಳುವ ಈ ಕ್ರಮ ನನಗೆ ವಿಜಯನಗರದ ಆಡಳಿತದ ಅತ್ಯಂತ ಚುರುಕಾದ ಕಲ್ಪನೆಗಳಲ್ಲಿ ಒಂದಾಗಿ ಕಾಣುತ್ತದೆ. ಹೊರಗೆ ಸಾವಿರಾರು ಜನರ ಮೇಲೆ ಅಧಿಕಾರ ನಡೆಸಿದವನಿಗೆ ತಾನು ಯಾರ ಆಳು ಎಂಬುದನ್ನು ನೆನಪಿಸುವ ದಾರಿ ಅದು. ಹಿಂದಿರುಗುವಾಗ ಕೊಡೆಗಳು ಮತ್ತೆ ಸಿಗುತ್ತಿದ್ದಿರಬೇಕು, ಅದೂ ಕಾವಲಿನವರ ಎದುರಲ್ಲೇ.

ಆ ಕಾಲದ ದಂಡನಾಯಕರಲ್ಲಿ ಲಕ್ಕಣ್ಣ ದಂಡೇಶ ಕನ್ನಡದವರಿಗೆ ಬೇರೆ ಕಾರಣಕ್ಕೂ ಪರಿಚಿತ. ವೀರಶೈವ ವಿಶ್ವಕೋಶದಂತಿರುವ ‘ಶಿವತತ್ತ್ವ ಚಿಂತಾಮಣಿ’ ಅವನದು. ಅವನಿಗೆ ದಕ್ಷಿಣ ಸಮುದ್ರಾಧೀಶ್ವರನೆಂಬ ಬಿರುದಿತ್ತು. ರಜಾಕ್ ಕಲ್ಲಿಕೋಟೆಯಲ್ಲಿದ್ದಾಗ ವಿಜಯನಗರದಲ್ಲಿ ಅರಸನ ಕೊಲೆಗೆ ಸಂಚು ನಡೆಯಿತು. ಆಗ ದಂಡನಾಯಕ ಸಿಂಹಳದ ಕಡೆ ಹೋಗಿದ್ದನೆಂದು ರಜಾಕ್ ಬರೆಯುತ್ತಾನೆ. ಆ ದಂಡನಾಯಕ ಲಕ್ಕಣ್ಣನೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಸಂಚು ಹೂಡಿದವನು ಅರಸನ ತಮ್ಮ. ಹೊಸ ಮನೆಯ ಔತಣಕ್ಕೆಂದು ಅರಸನನ್ನೂ ನಾಯಕರನ್ನೂ ಕರೆದ. ಭೇರಿ, ನಗಾರಿ, ಕಹಳೆ ಒಂದೇ ಸಮನೆ ಮೊಳಗುತ್ತಿದ್ದವು. ಒಬ್ಬೊಬ್ಬ ನಾಯಕನನ್ನೂ ಮರ್ಯಾದೆಯಿಂದ ಒಳಕೋಣೆಗೆ ಕರೆದೊಯ್ದು ಅಲ್ಲೇ ಮುಗಿಸಿದರು. ವಾದ್ಯದ ಸದ್ದಿನಲ್ಲಿ ಕೂಗು ಹೊರಗೆ ಕೇಳಲಿಲ್ಲ. ನಾಯಕನ ಬರವು ಸಾರಲು ಇದ್ದ ಕಹಳೆ ಅವನ ಸಾವನ್ನು ಮುಚ್ಚಿಹಾಕಿತು. ಆಮೇಲೆ ಕಠಾರಿ ಹಿಡಿದು ಅರಸನ ಬಳಿಗೆ ಹೋದ ತಮ್ಮ ಅವನನ್ನು ಗಾಯಗೊಳಿಸಿದ, ಕೊಲ್ಲಲಾಗಲಿಲ್ಲ.

ಹಂಪಿಯಲ್ಲಿ ಜನಾನಾ ಆವರಣದ ಸಮೀಪ ‘ದಣ್ಣಾಯಕನ ಆವರಣ’ ಎಂದು ಕರೆಯುವ ಎತ್ತರದ ಗೋಡೆಯ ಜಾಗವಿದೆ, ಒಳಗೆ ಕಮಾನುಗಳ ಕಾವಲುಗೋಪುರ. ರಜಾಕ್ ಕಂಡ ನಲವತ್ತು ಕಂಬಗಳ ಚಾವಡಿ ಇದರಲ್ಲೇ ಇತ್ತೆಂದು ಹೇಳಲು ಆಧಾರ ಸಾಲದು. ಹೆಸರು ಮಾತ್ರ ಉಳಿದಿದೆ.

ಸದ್ದಿನಿಂದ ದರ್ಜೆ ಸಾರುವುದು ವಿಜಯನಗರ ಹುಟ್ಟುಹಾಕಿದ್ದೇನಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಯಾವ ಶಾಸನ ತೆಗೆದರೂ ‘ಸಮಧಿಗತ ಪಂಚಮಹಾಶಬ್ದ’ ಎಂದು ಮಹಾಮಂಡಲೇಶ್ವರನ ಪ್ರಶಸ್ತಿ ಶುರುವಾಗುತ್ತದೆ. ಐದು ಬಗೆಯ ವಾದ್ಯ ಮೊಳಗಿಸಿಕೊಳ್ಳುವ ಹಕ್ಕನ್ನು ಪಡೆದವನು ಎಂದು. ಆ ಹಕ್ಕನ್ನು ಮೇಲಿನವನು ಕೊಡಬೇಕು, ತಾನಾಗಿ ಊದಿಸಿಕೊಂಡರೆ ಅದು ಬಂಡಾಯ. ವಿಜಯನಗರದ ಮೊದಲ ಅರಸ ಹರಿಹರ ತನ್ನನ್ನು ಮಹಾಮಂಡಲೇಶ್ವರನೆಂದೇ ಕರೆದುಕೊಂಡ. ಎರಡು ಕಡಲ ನಡುವಿನ ನೆಲ ಕೈಯಲ್ಲಿದ್ದರೂ ಸಾಮಂತನ ಬಿರುದು ಬಿಡಲಿಲ್ಲ. ಮಹಾರಾಜಾಧಿರಾಜ, ರಾಜಪರಮೇಶ್ವರ ಎಂಬ ಪೂರಾ ಬಿರುದುಗಳು ನೆಲೆಯಾದದ್ದು ಇಮ್ಮಡಿ ಹರಿಹರನ ಕಾಲಕ್ಕೆ. ಇರುವುದಕ್ಕಿಂತ ದೊಡ್ಡ ದರ್ಜೆ ಹಾಕಿಕೊಳ್ಳುವವರನ್ನು ಎಲ್ಲ ಕಾಲದಲ್ಲೂ ಕಾಣುತ್ತೇವೆ. ಇರುವುದಕ್ಕಿಂತ ಚಿಕ್ಕದನ್ನು ಹಾಕಿಕೊಂಡು ಕಾದವನು ಈ ಹರಿಹರ.

ಮೈಮೇಲೆ ತೊಡುವ ಗುರುತು ಇರಲೇ ಇಲ್ಲವೆಂದಲ್ಲ. ಹೊಯ್ಸಳರ ಗರುಡರು ಎಡಗಾಲಿಗೆ ತೊಡರು ಹಾಕುತ್ತಿದ್ದರು. ಅದು ಒಡೆಯ ಸತ್ತರೆ ತಾನೂ ಸಾಯುವೆನೆಂಬ ಭಾಷೆಯ ಗುರುತು. ಹಳೇಬೀಡಿನ ಕಂಬವೊಂದು ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮನೂ ಅವನ ಹೆಂಡತಿಯೂ ಆ ಭಾಷೆ ನಡೆಸಿದ ಕಥೆ ಹೇಳುತ್ತದೆ. ಗಂಡಪೆಂಡೇರವೂ ಮೊದಲಿಗೆ ವೀರನ ಕಾಲಿನದು. ಆಮೇಲೆ ಕವಿಗಳ ಕಾಲಿಗೂ ಬಂತು, ಕೃಷ್ಣದೇವರಾಯ ಅಲ್ಲಸಾನಿ ಪೆದ್ದನನಿಗೆ ತೊಡಿಸಿದನೆಂದು ಪ್ರತೀತಿ. ಇವು ಗೌರವದ ಆಭರಣಗಳು, ಇಂತಿಷ್ಟು ಆಳಿನ ಒಡೆಯ ಎಂದು ತಿಳಿಸುವ ಗುರುತುಗಳಲ್ಲ. ಆ ಭೇದ ಇಂದಿಗೂ ಇದೆ. ಎದೆಯ ಮೇಲಿನ ಪದಕ ಬೇರೆ, ಹೆಗಲ ಮೇಲಿನ ಚಿಹ್ನೆ ಬೇರೆ.

ತಲೆಯ ಮೇಲಿನದಂತೂ ಗಡಿಯಾಚೆಯಿಂದ ಬಂತು. ಹದಿನೈದನೆಯ ಶತಮಾನದ ಹೊತ್ತಿಗೆ ವಿಜಯನಗರದ ಆಸ್ಥಾನದಲ್ಲಿ ಎತ್ತರದ ಕುಲ್ಲಾಯಿ, ಉದ್ದನೆಯ ಕಬಾಯಿ ಬಂದಿದ್ದವು. ಪರ್ಷಿಯಾದ ಕಡೆಯ ಉಡುಪು, ಬಹಮನಿ ಆಸ್ಥಾನದಲ್ಲೂ ಅದೇ. ಬರಿಮೈ ಮೇಲೆ ಉತ್ತರೀಯ ಹೊದ್ದು ದೇವಸ್ಥಾನಕ್ಕೆ ಹೋಗುವ ನಾಯಕ, ಒಡ್ಡೋಲಗಕ್ಕೆ ಮಾತ್ರ ಕಬಾಯಿ ತೊಟ್ಟು ಕುಲ್ಲಾಯಿ ಇಟ್ಟು ಬರಬೇಕು. ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಲೋಹದ ಪ್ರತಿಮೆಯ ತಲೆಯ ಮೇಲೂ, ಲೇಪಾಕ್ಷಿಯ ಚಿತ್ರಗಳಲ್ಲಿ ಕೈಮುಗಿದು ನಿಂತ ಅಧಿಕಾರಿಗಳ ತಲೆಯ ಮೇಲೂ ಇರುವುದು ಈ ಕುಲ್ಲಾಯಿ. ಶತ್ರುವಿನ ಉಡುಪೆಂದು ಯಾರೂ ದೂರವಿಡಲಿಲ್ಲ. ಹಿಂದೂ ಮುಸ್ಲಿಂ ಎನ್ನದೆ ಆ ಕಾಲದ ದೊಡ್ಡ ಜಗತ್ತಿನ ದರ್ಬಾರಿನ ಉಡುಪು ಅದಾಗಿತ್ತು. ಮಲಪನಗುಡಿಯ ಬಾವಿಯ ಕಮಾನುಗಳೂ ಅದೇ ಜಗತ್ತಿನವು. ಇಮ್ಮಡಿ ದೇವರಾಯ ತನ್ನ ದಂಡಿಗೆ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡ. ಅವನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಇಂದೂ ಇದೆ, ಅದರ ಶಾಸನದಲ್ಲಿ ಅದನ್ನು ಧರ್ಮಶಾಲೆ ಎಂದೇ ಕರೆದಿದೆ.

ವರ್ಷಕ್ಕೊಮ್ಮೆ, ಮಹಾನವಮಿಗೆ, ಈ ದರ್ಜೆಗಳೆಲ್ಲ ಒಂದೇ ಬಯಲಲ್ಲಿ ಸೇರುತ್ತಿದ್ದವು. ನಾಯಕರು ಕಪ್ಪ ಕಟ್ಟುವ ತಿಂಗಳೂ ಅದೇ. ಪಾಯೆಸ್ ಒಂಬತ್ತು ದಿನದ ಹಬ್ಬ ನೋಡಿದ. ನಾಯಕರು ಒಬ್ಬೊಬ್ಬರಾಗಿ ಬಂದು ಎರಡೂ ಕೈ ಜೋಡಿಸಿ ತಲೆಗಿಂತ ಎಷ್ಟು ಎತ್ತರಕ್ಕೆ ಆಗುವುದೋ ಅಷ್ಟು ಎತ್ತಿ ಅರಸನಿಗೆ ಸಲಾಮು ಮಾಡಿದರು. ಹಬ್ಬ ಮುಗಿದ ಮೇಲೆ ಸೈನ್ಯದ ನೋಟ. ನಗರದಿಂದ ಒಂದು ಹರದಾರಿ ದೂರದಲ್ಲಿ ಅರಸನಿಗೆ ಮಖಮಲ್ಲಿನ ಡೇರೆ ಹಾಕಿದ್ದರು. ಪ್ರತಿ ನಾಯಕನೂ ತನ್ನ ದರ್ಜೆಗೆ ತಕ್ಕ ಜಾಗದಲ್ಲಿ ತನ್ನ ದಂಡಿನೊಂದಿಗೆ ನಿಂತಿದ್ದ. ಕುದುರೆಗಳ ಹಣೆಗೆ ಬೆಳ್ಳಿಯ, ಚಿನ್ನದ ನೀರು ಕೊಟ್ಟ ಕವಚ. ಕಾಲಾಳುಗಳ ಗುರಾಣಿಗಳ ಮೇಲೆ ಚಿನ್ನ ಬೆಳ್ಳಿಯ ಹೂವು, ಹುಲಿ, ಬೇರೆ ದೊಡ್ಡ ಮೃಗಗಳು; ಕೆಲವಕ್ಕೆ ಕರಿಯ ಬಣ್ಣ ಬಳಿದು ಮುಖ ಕಾಣುವಷ್ಟು ಹೊಳಪು ಕೊಟ್ಟಿದ್ದರು. ಹಜಾರರಾಮ ಗುಡಿಯ ಹೊರಗೋಡೆಯಲ್ಲಿ ಆನೆ, ಕುದುರೆ, ಕಾಲಾಳು, ನರ್ತಕಿಯರ ಸಾಲು ಒಂದರ ಮೇಲೊಂದು ಸಾಗುತ್ತದಲ್ಲ, ಪಾಯೆಸ್‌ನ ಪುಟಗಳನ್ನು ಕಲ್ಲಿನಲ್ಲಿ ಓದಬೇಕಾದರೆ ಅಲ್ಲಿ ನಿಲ್ಲಬೇಕು.

ಅದೇ ತಿಂಗಳಲ್ಲಿ ಮರ್ಯಾದೆಯ ಹಂಚಿಕೆ. ಚೆನ್ನಾಗಿ ನಡೆದುಕೊಂಡ ನಾಯಕರಿಗೆ ಅರಸ ವಸ್ತ್ರ ಕೊಡುತ್ತಾನೆ. ಅದಕ್ಕೂ ದೊಡ್ಡದು ಜೋಡಿ ಚಾಮರ, ಬಿಳಿಯ ಚಮರೀಬಾಲದ್ದು, ಹಿಡಿಗೆ ಚಿನ್ನ ಮತ್ತು ರತ್ನ, ಜೊತೆಗೆ ಕಡಗ. ನೂನಿಜ್ ಪ್ರಕಾರ ಗಣ್ಯನೊಬ್ಬನಿಗೆ ಸಿಗುವ ಅತಿದೊಡ್ಡ ಗೌರವ ಈ ಚಾಮರ. ಪಾದಕ್ಕೆ ಮುತ್ತಿಡಲು ಅಪ್ಪಣೆಯಾದರೆ ಅದೂ ಬಲು ದೊಡ್ಡದು. ಕೈಯನ್ನಂತೂ ಅರಸ ಯಾರಿಗೂ ಕೊಡುವುದಿಲ್ಲ. ಇಷ್ಟಾದರೂ ಒಂದು ಬಾಗಿಲು ಈ ನಾಯಕರಿಗೆಲ್ಲ ಮುಚ್ಚಿತ್ತು. ಅರಸಿಯರ ಜೊತೆ ಕೂತು ವೀಳ್ಯ ಹಾಕಿಕೊಳ್ಳುವ ಸಲಿಗೆ ದೇವಸ್ಥಾನದ ನರ್ತಕಿಯರಿಗೆ ಮಾತ್ರ. ಎಂಥ ದರ್ಜೆಯವನಿಗೂ ಅದು ಇಲ್ಲ ಎಂದು ಪಾಯೆಸ್ ಬರೆಯುತ್ತಾನೆ. ಹನ್ನೆರಡು ದೀವಟಿಗೆಯ ನಾಯಕನ ಪಲ್ಲಕ್ಕಿಯೋ, ಅಂಥ ಹೆಂಗಸರ ಹೆಸರು ಹೊತ್ತ ಮಲಪನಗುಡಿಯ ಸೂಳೆಬಾವಿಯ ಪಕ್ಕದಲ್ಲೇ ಹಾದು ಹೋಗುತ್ತಿತ್ತು.

ವೀಳ್ಯದ ಮಾತು ಬಂದದ್ದಕ್ಕೆ ಇನ್ನೊಂದು. 1520ರ ಮೇ ತಿಂಗಳಲ್ಲಿ ರಾಯಚೂರಿನ ಕಾಳಗ ನಡೆಯಿತು. ದಂಡು ಹೊರಟ ಕ್ರಮವನ್ನು ನೂನಿಜ್ ಕೊಡುತ್ತಾನೆ. ಮುಂಚೂಣಿಯಲ್ಲಿ ಅರಮನೆ ಕಾವಲಿನ ಮುಖ್ಯಸ್ಥ ಕಾಮನಾಯಕ, 30,000 ಕಾಲಾಳು, 1,000 ಕುದುರೆ. ಅವನ ಹಿಂದೆ ಐವತ್ತು ಸಾವಿರದವನು, ಅರವತ್ತು ಸಾವಿರದವನು, ಲಕ್ಷದವನು. ಈ ಸಂಖ್ಯೆಗಳನ್ನು ಉಪ್ಪು ಹಚ್ಚಿಯೇ ನುಂಗಬೇಕು. ಆದರೆ ಪಟ್ಟಿಯ ಕೊನೆಯ ಕಡೆ ಬರುವ ಒಬ್ಬನನ್ನು ನೋಡಿ: ಅರಸನಿಗೆ ವೀಳ್ಯ ಕೊಡುವ ಹಡಪದವನು, 15,000 ಕಾಲಾಳು, 200 ಕುದುರೆ, ಆನೆ ಇಲ್ಲ. ಎಲೆಅಡಿಕೆಯ ಚೀಲ ಹಿಡಿದವನಿಗೆ ದಂಡೇ? ಬಸವಣ್ಣನವರ ಹಡಪದ ಅಪ್ಪಣ್ಣನನ್ನು ಬಲ್ಲ ಕನ್ನಡಿಗರಿಗೆ ಇದು ಅಷ್ಟು ವಿಚಿತ್ರವಾಗಿ ಕಾಣಬೇಕಿಲ್ಲ. ಅರಸನ ಬಾಯಿಗೆ ಹೋಗುವುದನ್ನು ಕೈಯಲ್ಲಿ ಹಿಡಿದವನಿಗಿಂತ ನಂಬಿಗಸ್ತ ಯಾರು? ವಿಷದ ಭಯವಿದ್ದ ಅರಮನೆಯಲ್ಲಿ ಆ ಚೀಲವೇ ದೊಡ್ಡ ಪದವಿ. ಏಳನೆಯ ಬಾಗಿಲಿನ ಒಳಗೆ ದಂಡನಾಯಕ ಕೊಡೆಯಿಲ್ಲದೆ ನಿಂತಾಗಲೂ ಹಡಪದವನು ತನ್ನ ಚೀಲದೊಂದಿಗೆ ಅಲ್ಲೇ ಇರುತ್ತಿದ್ದಿರಬೇಕು.

ನೂನಿಜ್‌ನ ಪಟ್ಟಿಯ ತುದಿಯಲ್ಲಿದ್ದ ಸಾಳುವ ನಾಯಕ ಅಚ್ಯುತರಾಯನ ವಿರುದ್ಧ ತಿರುಗಿಬಿದ್ದು ಸೋತ. ಕೊಟ್ಟ ಕೈ ಹಿಂದಕ್ಕೆ ಪಡೆಯಬಲ್ಲದು ಎಂಬ ಮಾತು ಆಗ ಇನ್ನೂ ನಿಜವಾಗಿತ್ತು. ನಲವತ್ತು ವರ್ಷ ಕಳೆಯುವಷ್ಟರಲ್ಲಿ ಆ ಕೈಯೇ ಉಳಿಯಲಿಲ್ಲ. 1565ರ ಜನವರಿ 23ರಂದು ಕೃಷ್ಣೆಯ ಬಳಿ ನಡೆದ ಯುದ್ಧದಲ್ಲಿ ಅಳಿಯ ರಾಮರಾಯ ವಯಸ್ಸಾದವನು, ಪಲ್ಲಕ್ಕಿಯಲ್ಲಿ ಕೂತು ದಂಡು ನಡೆಸಿದ. ಕುದುರೆ ಏರೆಂದು ಜೊತೆಯವರು ಕೇಳಿಕೊಂಡರೂ ಒಪ್ಪಲಿಲ್ಲವೆಂದು ಇತಿಹಾಸಕಾರ ಫಿರಿಷ್ತಾ ಬರೆಯುತ್ತಾನೆ. ಪಲ್ಲಕ್ಕಿ, ಕೊಡೆ, ಸುತ್ತಲಿನ ಮಂದಿ ಇವೆಲ್ಲ ನಗರದ ಬೀದಿಯಲ್ಲಿ ದಾರಿ ಬಿಡಿಸುವ ಗುರುತುಗಳು. ರಣರಂಗದಲ್ಲಿ ಶತ್ರುವಿಗೆ ಗುರಿ ತೋರಿಸುವ ಗುರುತುಗಳೂ ಅವೇ. ನುಗ್ಗಿ ಬಂದ ಆನೆಗೆ ಬೋಯಿಗಳು ಪಲ್ಲಕ್ಕಿ ಬಿಟ್ಟು ಓಡಿದರು. ರಾಮರಾಯ ಸೆರೆಸಿಕ್ಕ. ಅವನ ತಲೆ ಕಡಿದು ಭರ್ಜಿಯ ತುದಿಗಿಟ್ಟು ಎತ್ತಿ ತೋರಿಸಿದಾಗ ಅಷ್ಟು ದೊಡ್ಡ ದಂಡು ಚೆಲ್ಲಾಪಿಲ್ಲಿಯಾಯಿತು. ಅವನ ಕೆಳಗೆ ಇಂಥವನು, ಅವನ ನಂತರ ಇಂಥವನು ಎಂಬ ಸರಪಣಿ ಇರಲಿಲ್ಲ. ಪ್ರತಿ ನಾಯಕನ ದಂಡಿಗೂ ತನ್ನ ನಾಯಕನೇ ದೊರೆ. ಆ ದೊರೆಗಳೆಲ್ಲರ ದೊರೆಯೊಬ್ಬ ಹೋದರೆ ಉಳಿದವರು ತಂತಮ್ಮ ಸೀಮೆ ನೋಡಿಕೊಂಡರು. ಯುರೋಪಿನ ಸೈನ್ಯಗಳು ಆಮೇಲೆ ಕಂಡುಕೊಂಡ ಏಣಿಯ ಬಲ ಇಲ್ಲಿರಲಿಲ್ಲ ಎನ್ನುವುದು ನನ್ನ ಅಭಿಪ್ರಾಯ, ಎಲ್ಲ ಇತಿಹಾಸಕಾರರೂ ಒಪ್ಪಲಿಕ್ಕಿಲ್ಲ.

ಆ ಏಣಿಯನ್ನು ಕನ್ನಡ ನಾಡಿನಲ್ಲಿ ಗಂಭೀರವಾಗಿ ಕಟ್ಟಿದವನು ಟಿಪ್ಪು. ಅವನ ಪಾಯದಳದಲ್ಲಿ ಕುಶೂನ್ ಎಂಬ ತುಕಡಿಗೆ ಸಿಪಹದಾರ, ಅದರೊಳಗಿನ ರಿಸಾಲೆಗೆ ರಿಸಾಲದಾರ, ಅದರ ಕೆಳಗೆ ಜೌಕದಾರ. ನೆಲಕ್ಕೂ ದರ್ಜೆಗೂ ಇದ್ದ ಗಂಟನ್ನು ಬಿಚ್ಚಿ ಸಂಬಳ ಕೊಟ್ಟ.

ನಮ್ಮ ಸೀಮೆಯಲ್ಲಿ ದರ್ಜೆ ಇನ್ನೊಂದು ದಾರಿ ಹಿಡಿಯಿತು. ಸಂಡೂರಿನ ಘೋರ್ಪಡೆ ಮನೆತನವನ್ನು ನೋಡಿ. 1690ರ ದಶಕದಲ್ಲಿ ಮರಾಠರ ಸೇನಾಪತಿಯಾಗಿ ಮೊಗಲರ ನಿದ್ದೆ ಕೆಡಿಸಿದ ಸಂತಾಜಿ ಘೋರ್ಪಡೆಯ ವಂಶಬಂಧುಗಳು ಇವರು. ಹದಿನೆಂಟನೆಯ ಶತಮಾನದ ಆದಿಯಲ್ಲಿ ಸಿದ್ದೋಜಿ ಘೋರ್ಪಡೆ ಬೇಡ ಪಾಳೆಯಗಾರರಿಂದ ಸಂಡೂರು ಗೆದ್ದ; ಗುತ್ತಿಯ ಮುರಾರಿರಾಯ ಅವನ ಹಿರಿಯ ಮಗ. ಸಂಡೂರಿನ ಅರಸರ ಹೆಸರಿನ ಜೊತೆ ಹಿಂದೂರಾವ್, ಮಮಲಕತ್‌ಮದಾರ್, ಸೇನಾಪತಿ ಎಂಬ ಬಿರುದುಗಳು ಕೊನೆಯವರೆಗೂ ಉಳಿದವು. ಮದ್ರಾಸು ಸರ್ಕಾರದ ಕಣ್ಗಾವಲಿನಲ್ಲಿ, ಗುಡ್ಡಗಳ ನಡುವೆ, ಮ್ಯಾಂಗನೀಸ್ ಅದಿರು ಮತ್ತು ಕಾಡಿನ ಆದಾಯದ ಮೇಲೆ ನಡೆದ ಪುಟ್ಟ ಸಂಸ್ಥಾನ. ಅದರ ಅರಸ ಹುಟ್ಟಿನಿಂದಲೇ ಸೇನಾಪತಿ. ಇದರಲ್ಲಿ ಅಪಹಾಸ್ಯ ಮಾಡುವಂಥದ್ದೇನಿಲ್ಲ. ಮೈಸೂರಿನ ದಳವಾಯಿತನವೂ ಹೀಗೆಯೇ ಒಂದು ಮನೆತನದ್ದಾಗಿ ಅರಸನನ್ನೇ ಮೂಲೆಗೆ ತಳ್ಳಿತ್ತು. ಮಗನಿಗೆ ತಾನಾಗಿ ಬರುವ ದರ್ಜೆಗೆ ಏಳು ಬಾಗಿಲುಗಳ ಅಂಕೆ ಇರುವುದಿಲ್ಲ.

ಇಂಗ್ಲಿಷರು ತಂದದ್ದು ಹೆಗಲ ಮೇಲಿನ ಲೆಕ್ಕ. ಸ್ವತಂತ್ರ ಭಾರತವೂ ಅದನ್ನೇ ಉಳಿಸಿಕೊಂಡಿತು, ಚಿಹ್ನೆಗಳನ್ನು ಬದಲಿಸಿ. ಲೆಫ್ಟಿನೆಂಟ್‌ಗೆ ಎರಡು ನಕ್ಷತ್ರ, ಕ್ಯಾಪ್ಟನ್‌ಗೆ ಮೂರು. ಮೇಜರ್ ಆದರೆ ನಕ್ಷತ್ರ ಹೋಗಿ ಸಾರನಾಥದ ಸಿಂಹಲಾಂಛನ. ಸಿಂಹಕ್ಕೆ ಒಂದು ನಕ್ಷತ್ರ ಕೂಡಿದರೆ ಲೆಫ್ಟಿನೆಂಟ್ ಕರ್ನಲ್, ಎರಡಾದರೆ ಕರ್ನಲ್, ಮೂರು ನಕ್ಷತ್ರ ತ್ರಿಕೋನವಾಗಿ ಕೂತರೆ ಬ್ರಿಗೇಡಿಯರ್. ಕರ್ನಲ್‌ನಿಂದ ಮೇಲಕ್ಕೆ ಕೊರಳಪಟ್ಟಿಯಲ್ಲಿ ಕೆಂಪು ಪಟ್ಟಿಯೂ ಬರುತ್ತದೆ. ಜನರಲ್‌ಗಳ ಹೆಗಲಿಗೆ ಅಡ್ಡಲಾಗಿ ದಾಟಿದ ಕತ್ತಿ ಮತ್ತು ದಂಡ: ಮೇಜರ್ ಜನರಲ್‌ಗೆ ಅದರ ಮೇಲೆ ನಕ್ಷತ್ರ, ಲೆಫ್ಟಿನೆಂಟ್ ಜನರಲ್‌ಗೆ ಸಿಂಹ, ಪೂರ್ಣ ಜನರಲ್‌ಗೆ ಎರಡೂ. ಲೆಫ್ಟಿನೆಂಟ್ ಜನರಲ್ ಮೇಜರ್ ಜನರಲ್‌ಗಿಂತ ಮೇಲಿನವನು ಎಂಬುದು ಹೊಸಬರಿಗೆ ಗೊಂದಲ. ಮೇಜರ್ ಲೆಫ್ಟಿನೆಂಟ್‌ಗಿಂತ ದೊಡ್ಡವನಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಯುರೋಪಿನಲ್ಲಿ ಅದು ಮೊದಲು ಸಾರ್ಜೆಂಟ್ ಮೇಜರ್ ಜನರಲ್ ಎಂಬ ಹುದ್ದೆಯಾಗಿತ್ತು. ಮುಂದಿನ ಸಾರ್ಜೆಂಟ್ ಉದುರಿಹೋಗಿ ಗೊಂದಲ ಉಳಿಯಿತು.

1949ರ ಜನವರಿ 15ರಂದು ಕೊಡಗಿನ ಕೆ. ಎಂ. ಕಾರ್ಯಪ್ಪ, ಬ್ರಿಟಿಷ್ ದಂಡನಾಯಕ ರಾಯ್ ಬುಚರ್ ಕೈಯಿಂದ ಭಾರತೀಯ ಸೇನೆಯ ಅಧಿಕಾರ ವಹಿಸಿಕೊಂಡರು. ತಂದೆ ಕಂದಾಯ ಇಲಾಖೆಯಲ್ಲಿದ್ದವರು. ಮಗನಿಗೆ ಈ ದರ್ಜೆ ಬಂದದ್ದು ಮೂವತ್ತು ವರ್ಷ ಒಂದೊಂದೇ ಮೆಟ್ಟಿಲು ಹತ್ತಿದ್ದರಿಂದ. ಅದೇ 1949ರಲ್ಲಿ ಸಂಡೂರು ಸಂಸ್ಥಾನ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯೊಳಗೆ ಸೇರಿತು, ಅಲ್ಲಿಯ ಸೇನಾಪತಿಯ ಬಿರುದು ಕಾಗದದ ಮೇಲೆ ಉಳಿಯಿತು. ಆದರೆ ಕಾರ್ಯಪ್ಪನವರ ಹೆಗಲಿಗೆ ಸಿಂಹ ಇನ್ನೂ ಬಂದಿರಲಿಲ್ಲ. ದೇಶ ಸ್ವತಂತ್ರವಾಗಿದ್ದರೂ ಗಣರಾಜ್ಯವಾಗಿರಲಿಲ್ಲ, ಸೇನೆಯ ಚಿಹ್ನೆಗಳಲ್ಲಿ ಇಂಗ್ಲೆಂಡಿನ ದೊರೆಯ ಕಿರೀಟವೇ ನಡೆಯುತ್ತಿತ್ತು. ಭಾರತದ ಮೊದಲ ಭಾರತೀಯ ದಂಡನಾಯಕ ಒಂದು ವರ್ಷದ ಮೇಲೆ ಆ ಕಿರೀಟವನ್ನು ಹೊತ್ತೇ ಸಲಾಮು ಸ್ವೀಕರಿಸಿದರು. 1950ರ ಜನವರಿ 26ರಂದು ಅದನ್ನು ಕಳಚಿ ಸಿಂಹ ತೊಟ್ಟರು.